ಬೀಗರ ಕಾರು

ಮದುವೆ ಮಂಟಪದಲ್ಲಿ ಯಾರೋ ಊಟಕ್ಕೆ ಹೋಗುವ ಮುನ್ನ ಕುರ್ಚಿಯ ಬೆನ್ನಿಗೆ ಹಾಕಿಹೋಗಿದ್ದ ಕೋಟನ್ನು ತೊಟ್ಟುಕೊಂಡು ಅವನು ಹೊರಗೆ ಬಂದಿದ್ದ. ಭುಜಕ್ಕೆ ಸ್ವಲ್ಪ ದೊಡ್ಡದು, ಆದರೆ ಜೇಬಿನಲ್ಲಿ ಕಾರಿನ ಕೀಲಿ ಇತ್ತು. ಕೋಟಿನ ಯಜಮಾನ ಪಾಯಸ ಮುಗಿಸಿ ಏಳುವುದರೊಳಗೆ ಗೇಟು ದಾಟಬೇಕು. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ.

ಮೂರನೆಯ ಟಕ್ಕಿಗೆ ಮುದುಕನೊಬ್ಬ ಎಲೆಯಡಿಕೆ ಮೆಲ್ಲುತ್ತ ಕಿಟಕಿಯ ಬಳಿ ಬಂದು ನಿಂತ.

“ಯಾರ ಕಡೆಯವರು?”

“ಹೆಣ್ಣಿನ ಕಡೆ.”

“ನಾವು ಗಂಡಿನ ಕಡೆ. ಬೀಗರ ಗಾಡಿ ಕೆಟ್ಟು ನಿಂತಿದ್ರೆ ನೋಡ್ಕೊಂಡು ಹೋಗೋಕಾಗತ್ತಾ? ಹಾರ್ನ್ ಹೊಡೀರಿ, ನೋಡೋಣ.”

“ಹಾರ್ನ್ ಬೇಡ. ಒಳಗೆ ಶಾಸ್ತ್ರ ನಡೀತಿದೆ.”

“ಹಾಗಾದ್ರೆ ಲೈಟ್ ಹಾಕಿ.”

ಲೈಟು ಝಗ್ಗನೆ ಹತ್ತಿತು.

“ಬ್ಯಾಟರಿ ಗಟ್ಟಿಯಾಗಿದೆ. ಸ್ಟಾರ್ಟರ್ ಮೋಟಾರು ಹಿಡ್ಕೊಂಡಿದೆ. ತಲೆ ಮೇಲೆ ಒಂದು ಪೆಟ್ಟು ಬಿದ್ರೆ ಹೇಳಿದ ಹಾಗೆ ಕೇಳತ್ತೆ. ಬಾನೆಟ್ ತೆಗೀರಿ.”

“ತುಂಬಾ ಉಪಕಾರ ಆಯ್ತು. ನನಗೆ ಸ್ವಲ್ಪ ಅರ್ಜೆಂಟಿದೆ.”

“ನೋಡಿದ್ರೆ ಗೊತ್ತಾಗತ್ತೆ. ನಿಮ್ಮ ಸೀಟಿನ ಕೆಳಗೆ ಕಬ್ಬಿಣದ ರಾಡು ಇದೆ, ಕೊಡಿ.”

ಅವನು ಬಗ್ಗಿ ತಡಕಿದ. ಹೇಳಿದಲ್ಲೇ ಇತ್ತು. ಅವಸರದಲ್ಲಿ ಕಿಟಕಿಯಿಂದ ಕೊಟ್ಟೂ ಬಿಟ್ಟ.

ಮುದುಕ ಅದನ್ನು ಕೈಯಲ್ಲಿ ತೂಗಿ ನೋಡಿದ.

“ಮೊದಲು ನನ್ನ ಕೋಟು ಬಿಚ್ಚಿಡಿ, ಹೊಸದು. ಸ್ಟಾರ್ಟರಿಗೆ ಆಮೇಲೆ ಹೊಡೆಯೋಣ.”