ಸದ್ದಿಲ್ಲದ ಟ್ರೆಡ್‌ಮಿಲ್

"ರೀ!" ಎಂದು ಕೂಗುತ್ತಾ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಾಗ ಟೈಲರ್ ಮಾಮ ಟ್ರೆಡ್‌ಮಿಲ್ ಮೇಲೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದರು. ಅವಳ ಕೈಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿತ್ತು, ಮುಖ ಬಿಳಿಚಿಕೊಂಡಿತ್ತು.

ಹೃದಯದ ಆಪರೇಷನ್ ಆದಮೇಲೆ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ನಡೆದಷ್ಟು ಹೊತ್ತೂ ಯಂತ್ರ ಕಿರುಗುಟ್ಟುತ್ತಿತ್ತು, ಇವಳು ಗೊಣಗುತ್ತಿದ್ದಳು. ಮಾಮ ಅಭ್ಯಾಸಬಲದಿಂದ ಅದಕ್ಕೂ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನೇ ಹಾಕಿ ಒಂದು ಬೆಲ್ಟ್ ಹಾಳುಮಾಡಿಕೊಂಡಿದ್ದರು. ಬುದ್ಧಿ ಬಂದು, ಇವತ್ತು ಹೊಸ ಬೆಲ್ಟಿನಡಿ ಸಿಲಿಕೋನ್ ಎಣ್ಣೆ ಸವರಿದ್ದರು.

"ಕಿವಿ ತೂತಾಗುತ್ತೆ ಅಂತಿದ್ಯಲ್ಲ? ಸರಿಯಾದ ಎಣ್ಣೆ ಹಾಕಿದೆ ಕಣೆ. ಈಗ ಒಂಚೂರೂ ಸದ್ದಿಲ್ಲ."

ಅವಳು ಬಾಗಿಲಿಗೆ ಒರಗಿ ಉಸಿರು ಬಿಟ್ಟಳು.

"ಅದಕ್ಕೇ ನನ್ನ ಜೀವ ಬಾಯಿಗೆ ಬಂದಿದ್ದು. ಇನ್ಮೇಲೆ ಹಾಡ್ಕೊಂಡು ನಡೀರಿ. ಅಪಸ್ವರ ಆದ್ರೂ ಪರವಾಗಿಲ್ಲ, ಅಡುಗೆಮನೆಗೆ ಕೇಳಿಸ್ಬೇಕು."