ಕೇಳುವ ಕೋಣೆ

ಕೇಳುವ ಕೋಣೆಯ ಬಾಗಿಲಿಗೆ ಹಿಡಿಕೆ ಇರುವುದಿಲ್ಲ. ಎದುರಿಗಿದ್ದವರ ಮಾತನ್ನು ನಿಜವಾಗಿ ಕೇಳಿಸಿಕೊಂಡು ತಿರುಗಿ ಹೇಳಿದರೆ ಮಾತ್ರ ಅದು ತೆರೆಯುತ್ತದೆ. ಈಗ ಎಲ್ಲ ಕಾರ್ಖಾನೆಗಳಲ್ಲೂ ಇಂಥದೊಂದು ಕೋಣೆಯಿದೆ. ನೂಲಿನ ಗಿರಣಿಯ ಸೂಪರ್‌ವೈಸರ್ ವೀರಭದ್ರಪ್ಪ ಅದರೊಳಗೆ ಸಿಕ್ಕಿಬಿದ್ದು ಒಂದು ತಾಸಾಗಿತ್ತು. ಎದುರಿಗೆ ಬಾಯ್ಲರ್ ನೋಡಿಕೊಳ್ಳುವ ಹುಸೇನಬಿ ಕುಳಿತಿದ್ದಳು.

"ನಿನಗ ರಜಾ ಬೇಕು, ಹೌದಲ್ಲ?"

ಬಾಗಿಲು ಅಲುಗಲಿಲ್ಲ.

"ಕೆಲಸ ಬ್ಯಾಸರಾಗೇತಿ?"

ಅಲುಗಲಿಲ್ಲ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. "ಇನ್ನೊಮ್ಮೆ ಹೇಳವಾ," ಎಂದು ಮೊದಲ ಸಲ ಸುಮ್ಮನೆ ಕುಳಿತ.

"ಬಾಯ್ಲರ್ ದನಿ ಬದಲಾಗೇತ್ರೀ ಸಾಹೇಬ್ರ. ನಾಕು ಸಲ ಹೇಳೀನಿ. ಅದರ ಬಾಜೂಕ ಹನ್ನೆರಡು ಮಂದಿ ಹೆಣ್ಮಕ್ಳು ಕೆಲಸ ಮಾಡ್ತಾರ."

"ಬಾಯ್ಲರ್ ದನಿ ಬದಲಾಗೇತಿ. ನಾಕು ಸಲ ಹೇಳಿದಿ."

ಬಾಗಿಲು ಆಗಲೂ ತೆರೆಯಲಿಲ್ಲ. ಅವನು ಬಾಗಿಲು ನೋಡುವುದನ್ನು ಬಿಟ್ಟು ಅವಳತ್ತ ತಿರುಗಿದ.

"ಆ ಹನ್ನೆರಡು ಜೀವಕ್ಕ ನೀ ಅಂಜಾಕತ್ತಿ. ನಾಕೂ ಸಲ ನನಗ ಕೇಳಿತ್ತು, ಹುಸೇನಬಿ. ಗಿರಣಿ ನಿಲ್ಸಿದ್ರ ಬೈಸ್ಕೋಬೇಕಾಗತೈತಿ ಅಂತ ಕಿವುಡ ಆದೆ."

ಬಾಗಿಲು ತೆರೆಯಿತು. ಅವಳು ಹೆಂಗಸರನ್ನು ಹೊರಗೆ ಕಳಿಸಲು ಓಡಿದಳು. ಅವನು ಓಡಿಹೋಗಿ ಬಾಯ್ಲರಿನ ಬೆಂಕಿ ಆರಿಸಿದ. ಗಿರಣಿಯ ಸದ್ದಡಗಿದಾಗ, ಬಿರುಕಿನಿಂದ ಉಗಿ ಸೋರುವ ಸಿಳ್ಳು ಎಲ್ಲರಿಗೂ ಕೇಳಿಸಿತು.

"ಯಾರು ನಿಲ್ಸಿದ್ದು?" ಎಂದು ಮ್ಯಾನೇಜರ್ ಕೂಗುತ್ತ ಬಂದರು.

"ನಾನ ನಿಲ್ಸೀನ್ರಿ," ಎಂದ ವೀರಭದ್ರಪ್ಪ. "ಹುಸೇನಬಿ ಹೇಳಿದ್ಲು."