ಚಾಮಿ ಐತೆ, ಮುಟ್ಬಾರ್ದು

ಮಗಳು ಬೆರಳು ತೂರಿಸದಿರಲೆಂದು ಪ್ಲಗ್ ಪಾಯಿಂಟಿಗೆ ಪ್ಲಾಸ್ಟಿಕ್ ಮುಚ್ಚಳ ಒತ್ತುವಾಗಲೆಲ್ಲ ನನಗೆ ವಿಭೂತಿಯ ವಾಸನೆ ಬರುತ್ತದೆ.

ಹೊಸದುರ್ಗದ ಮನೆಯಲ್ಲಿ ತಮ್ಮ ಅಂಬೆಗಾಲಿಡತೊಡಗಿದಾಗ ಅಜ್ಜಿ ಈಳಿಗೆಮಣೆ, ಸ್ಟೌವ್, ಪ್ಲಗ್ಗು ಎಲ್ಲಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದಳು.

"ಚಾಮಿ ಐತೆ ಕಂದಾ, ಮುಟ್ಬಾರ್ದು. ಕೈ ಮುಗಿ!"

ತಮ್ಮ ಪ್ಲಗ್ಗಿಗೂ ಭಕ್ತಿಯಿಂದ ಕೈ ಮುಗಿದ. ಅಜ್ಜಿ ಬೀಗಿದಳು.

ಮಧ್ಯಾಹ್ನ ಅಜ್ಜ ಮಠದಿಂದ ಬಂದವನೇ "ಬಾರಲೇ ಮರಿ" ಎಂದು ತೋಳು ಚಾಚಿದ. ತಮ್ಮ ಅವನ ಹಣೆ ನೋಡಿದ, ಕೈ ಮುಗಿದ, ಹಿಂದಕ್ಕೆ ಸರಿದ.

"ಏನೇ ಇವ್ನು, ಹತ್ರಾನೇ ಬರಲ್ವಲ್ಲೇ!"

"ನೀವೂ ಚಾಮಿ ಆಗ್ಬಿಟ್ರಿ. ಸುಮ್ನೆ ಕುಂತ್ಕಳ್ರಿ" ಎಂದು ಅಜ್ಜಿ ನಕ್ಕಳು.

ವಿಭೂತಿ ಇಲ್ಲದೆ ಒಂದು ಲೋಟ ನೀರೂ ಕುಡಿಯದ ಅಜ್ಜ, ಬಾಗಿಲ ಕಡೆಗೊಮ್ಮೆ ನೋಡಿ, ಟವೆಲ್ಲಿನಿಂದ ಹಣೆ ಒರೆಸಿಕೊಂಡು ಮತ್ತೆ ತೋಳು ಚಾಚಿದ.